ಮದ್ದು ಮತ್ತು ಮಿದುಳು: ಮದಗುಣಿಕೆ, ಸರ್ಪಗಂಧಿ, ನಸುಗುನ್ನಿಗಳ ಕಾರ್ಯವಿಧಾನ

ಕನ್ನಡದ ‘ಮದ್ದು’ ಎಂಬ ಮಾತಿಗೆ ಔಷಧ ಎಂಬುದು ಹಲವು ಅರ್ಥಗಳಲ್ಲಿ ಒಂದು ಮಾತ್ರ. ಕಾಯಿಲೆಗೆ ಅರೆದು ಕುಡಿಸುವುದು ಮದ್ದು. ವಶ ಮಾಡಿಕೊಳ್ಳಲು ಅನ್ನದಲ್ಲಿ ಕಲಸಿ ಇಕ್ಕುತ್ತಾರೆಂದು ಜನರು ಅಂಜುವುದೂ ಮದ್ದು. ಕೋವಿಗೆ ತುಂಬುವುದೂ ಮದ್ದು. ಇದ್ದಕ್ಕಿದ್ದಂತೆ ಮಾತು ಬಿಟ್ಟವನನ್ನು, ಮನೆಮಂದಿಯ ಗುರುತು ತಪ್ಪಿದವನನ್ನು ಕಂಡು ‘ಯಾರೋ ಮದ್ದು ಹಾಕಿದ್ದಾರೆ’ ಎನ್ನುವ ರೂಢಿ ನಾಡಿನ ಎಲ್ಲ ಭಾಗಗಳಲ್ಲಿಯೂ ಇದೆ. ಈ ಅರ್ಥಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಜನಪದರು ‘ಮದ್ದು’ ಎಂಬುದನ್ನು ಒಳಿತು ಕೆಡುಕುಗಳ ಆಧಾರದ ಮೇಲೆ ಬೇರ್ಪಡಿಸಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಚಿಟಿಕೆಯಷ್ಟು ಪ್ರಮಾಣದಲ್ಲಿದ್ದು ಗಾತ್ರಕ್ಕೆ ಮೀರಿದ ಪರಿಣಾಮ ಉಂಟುಮಾಡಬಲ್ಲ ವಸ್ತು ಯಾವುದೋ ಅದು ಮದ್ದು. ಆಧುನಿಕ ಔಷಧಶಾಸ್ತ್ರವೂ ಇದಕ್ಕಿಂತ ಬೇರೆಯಾದುದನ್ನು ಹೇಳುವುದಿಲ್ಲ. ಔಷಧ ಮತ್ತು ವಿಷಗಳ ನಡುವಿನ ಗೆರೆಯನ್ನು ಎಳೆಯುವುದು ಬಹುಮಟ್ಟಿಗೆ ಪ್ರಮಾಣವೇ.

ಜನಪದ ವೈದ್ಯವನ್ನು ಕುರಿತು ಕನ್ನಡದಲ್ಲಿ ನಡೆದಿರುವ ಸಂಗ್ರಹಕಾರ್ಯ ಸಾಕಷ್ಟು ವಿಸ್ತಾರವಾದುದು. ಗಿಡದ ಹೆಸರು, ಬಳಸುವ ಭಾಗ, ಕಾಯಿಲೆ, ಅನುಪಾನ, ಪಥ್ಯ ಎಂಬ ಕ್ರಮದಲ್ಲಿ ನೂರಾರು ಮದ್ದುಗಳು ದಾಖಲಾಗಿವೆ. ಆದರೆ ಆ ಮದ್ದು ದೇಹದೊಳಗೆ ಹೋಗಿ ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಈ ಅಧ್ಯಯನಗಳು ಸಾಮಾನ್ಯವಾಗಿ ಕೇಳಿಕೊಂಡಿಲ್ಲ. ಕೇಳಿಕೊಂಡಲ್ಲಿಯೂ ‘ನಮ್ಮ ಪೂರ್ವಿಕರಿಗೆ ಇದೆಲ್ಲ ಮೊದಲೇ ತಿಳಿದಿತ್ತು’ ಎಂಬ ಹೊಗಳಿಕೆಯಲ್ಲಿ ಉತ್ತರ ಮುಗಿದುಹೋಗುತ್ತದೆ. ಈ ಹೊಗಳಿಕೆ ಜನಪದ ಜ್ಞಾನಕ್ಕೆ ಗೌರವವನ್ನೇನೂ ತರುವುದಿಲ್ಲ. ಜನರಿಗೆ ಏನು ತಿಳಿದಿತ್ತು, ಏನು ತಿಳಿದಿರಲಿಲ್ಲ ಎಂಬುದನ್ನು ಬೇರ್ಪಡಿಸಿ ನೋಡಿದಾಗ ಮಾತ್ರ ಅವರ ತಿಳಿವಳಿಕೆಯ ನಿಜವಾದ ಬೆಲೆ ಗೊತ್ತಾಗುತ್ತದೆ. ಮಿದುಳಿನ ಮೇಲೆ ಕೆಲಸ ಮಾಡುವ ಮೂರು ಸಸ್ಯಗಳನ್ನು ಇಟ್ಟುಕೊಂಡು ಈ ಕೆಲಸವನ್ನು ಮಾಡಬಹುದಾಗಿದೆ. ಅವು ಮದಗುಣಿಕೆ, ಸರ್ಪಗಂಧಿ ಮತ್ತು ನಸುಗುನ್ನಿ. ಮೂರೂ ಕರ್ನಾಟಕದಲ್ಲಿ ಬೆಳೆಯುತ್ತವೆ. ಮೂರೂ ವೈದ್ಯರ ಕೈಯಲ್ಲಿ ಬಳಕೆಯಲ್ಲಿದ್ದಂಥವು. ಇವುಗಳಲ್ಲಿ ಸರ್ಪಗಂಧಿಯ ಕಥೆ ಎಲ್ಲಕ್ಕಿಂತ ಹಿರಿದು.

ಮೊದಲಿಗೆ ಮಿದುಳಿನ ವ್ಯವಹಾರವನ್ನು ಸಂಕ್ಷಿಪ್ತವಾಗಿ ನೋಡಬೇಕು. ಮಿದುಳಿನಲ್ಲಿರುವ ಕೋಟ್ಯಂತರ ನರಕೋಶಗಳು ಬಹುಪಾಲು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ಒಂದು ಕೋಶದ ತುದಿಗೂ ಮುಂದಿನ ಕೋಶದ ಮೈಗೂ ನಡುವೆ ಅತಿಸೂಕ್ಷ್ಮವಾದ ಸಂದು ಇರುತ್ತದೆ. ಕೋಶದ ಉದ್ದಕ್ಕೂ ವಿದ್ಯುತ್ತಿನ ರೂಪದಲ್ಲಿ ಹರಿದುಬಂದ ಸುದ್ದಿ ಈ ಸಂದನ್ನು ದಾಟಲು ರಾಸಾಯನಿಕ ವಸ್ತುವೊಂದರ ನೆರವು ಬೇಕು. ಇಂಥ ವಸ್ತುಗಳನ್ನು ನರವಾಹಕಗಳೆಂದು ಕರೆಯುತ್ತಾರೆ. ಅಸಿಟೈಲ್‌ಕೋಲಿನ್, ಡೋಪಮಿನ್, ಸಿರೊಟೋನಿನ್, ನಾರ್‌ಅಡ್ರಿನಲಿನ್ ಇವು ಅಂಥವುಗಳಲ್ಲಿ ಕೆಲವು. ನರವಾಹಕವು ಕೋಶದೊಳಗೆ ತಯಾರಾಗುತ್ತದೆ. ಸಣ್ಣ ಸಣ್ಣ ಸಂಚಿಗಳಲ್ಲಿ ಶೇಖರಗೊಳ್ಳುತ್ತದೆ. ಸುದ್ದಿ ಬಂದಾಗ ಸಂಚಿ ಒಡೆದು ಸಂದಿಗೆ ಸುರಿಯುತ್ತದೆ. ಎದುರಿನ ಕೋಶದ ಮೇಲಿರುವ ಗ್ರಾಹಕಗಳಿಗೆ ಬೀಗಕ್ಕೆ ಕೀಲಿ ಕೂಡುವಂತೆ ಕೂಡಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಕಿಣ್ವಗಳು ಮುರಿದುಹಾಕುತ್ತವೆ, ಇಲ್ಲವೇ ಸುರಿಸಿದ ಕೋಶವೇ ಮರಳಿ ಹೀರಿಕೊಳ್ಳುತ್ತದೆ. ಮನಸ್ಸನ್ನು ಕದಲಿಸುವ ಮದ್ದುಗಳಲ್ಲಿ ಬಹುಪಾಲು ಈ ಸರಪಳಿಯ ಯಾವುದಾದರೊಂದು ಕೊಂಡಿಯನ್ನು ಹಿಡಿಯುತ್ತವೆ.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ರಕ್ತದಲ್ಲಿ ಸೇರಿದ್ದೆಲ್ಲವೂ ಮಿದುಳನ್ನು ಹೊಗುವುದಿಲ್ಲ. ಮಿದುಳಿನ ರಕ್ತನಾಳಗಳ ಒಳಗೋಡೆಯ ಕೋಶಗಳು ಬಿಗಿಯಾಗಿ ಹೆಣೆದುಕೊಂಡು ಒಂದು ತಡೆಯನ್ನು ನಿರ್ಮಿಸಿರುತ್ತವೆ. ಕೊಬ್ಬಿನಲ್ಲಿ ಸುಲಭವಾಗಿ ಕರಗುವ ವಸ್ತುಗಳಲ್ಲಿ ಹಲವು ಈ ತಡೆಯನ್ನು ದಾಟುತ್ತವೆ. ಉಳಿದವು ದಾಟಬೇಕಾದರೆ ಅವುಗಳನ್ನು ಹೊತ್ತೊಯ್ಯುವ ವಾಹಕವಿರಬೇಕು. ಊರಿಗೆ ಬಂದವರನ್ನೆಲ್ಲ ಒಳಮನೆಗೆ ಬಿಡದ ಹಾಗೆ ಎನ್ನಬಹುದು. ಒಂದು ಗಿಡದಲ್ಲಿ ಶಕ್ತಿಯುತ ವಸ್ತುವಿದೆ ಎಂದಮಾತ್ರಕ್ಕೆ ಅದು ಮನಸ್ಸಿನ ಮದ್ದಾಗದಿರುವುದಕ್ಕೆ ಇದೂ ಒಂದು ಕಾರಣ.

ಮದಗುಣಿಕೆ ಅಥವಾ ಉಮ್ಮತ್ತಿಯ ವಿಷಯವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ‘ಉನ್ಮತ್ತ’ ಎಂಬ ಸಂಸ್ಕೃತ ರೂಪವೇ ಕನ್ನಡದಲ್ಲಿ ‘ಉಮ್ಮತ್ತ’, ‘ಉಮ್ಮತ್ತಿ’ ಎಂದಾಗಿದೆ. ‘ಮದಗುಣಿಕೆ’, ‘ಮದ್ದುಗುಣಿಕೆ’ ಎಂಬ ರೂಪಗಳು ಬಳಕೆಯಲ್ಲಿವೆ. ಶಿವನಿಗೆ ಏರಿಸುವ ಈ ಹೂವಿನ ಗಿಡ ತಿಂದವನನ್ನು ಏನು ಮಾಡುತ್ತದೆ ಎಂಬುದನ್ನು ಹೆಸರೇ ಹೇಳುತ್ತದೆ. ಇದರ ಬೀಜದಲ್ಲಿ ಅಟ್ರೋಪಿನ್, ಹಯೋಸಯಮಿನ್, ಸ್ಕೊಪೊಲಮಿನ್ ಎಂಬ ಸಸ್ಯಕ್ಷಾರಗಳು, ಅಂದರೆ ಆಲ್ಕಲಾಯ್ಡುಗಳು ಇವೆ. ಅಸಿಟೈಲ್‌ಕೋಲಿನ್ ಕೂಡಬೇಕಾದ ಗ್ರಾಹಕಗಳಲ್ಲಿ ಒಂದು ವರ್ಗವನ್ನು ಇವು ಮೊದಲೇ ಹೋಗಿ ಆಕ್ರಮಿಸಿಕೊಳ್ಳುತ್ತವೆ. ಬೀಗದಲ್ಲಿ ಸೇರಿಕೊಂಡೂ ತಿರುಗದ ಕೀಲಿ ಇದು. ತಾನೂ ತೆರೆಯದು, ನಿಜವಾದ ಕೀಲಿಗೂ ಎಡೆಗೊಡದು. ಪರಿಣಾಮವಾಗಿ ಬಾಯಿ ಒಣಗುತ್ತದೆ, ಪಾಪೆ ಅಗಲವಾಗುತ್ತದೆ, ಬೆವರು ನಿಂತು ಮೈ ಕಾಯುತ್ತದೆ, ಎದೆಬಡಿತ ಏರುತ್ತದೆ. ಮಿದುಳಿನಲ್ಲಿ ಎಚ್ಚರ ಮತ್ತು ನೆನಪಿನ ವ್ಯವಸ್ಥೆ ಕುಸಿದು ವ್ಯಕ್ತಿ ಇಲ್ಲದವರೊಡನೆ ಮಾತಾಡುತ್ತಾನೆ, ಗಾಳಿಯಲ್ಲಿ ಏನನ್ನೋ ಹೆಕ್ಕುತ್ತಾನೆ. ಪ್ರಮಾಣ ಮೀರಿದರೆ ಸಾವು. ದಾರಿಹೋಕರಿಗೆ ಇದರ ಬೀಜವನ್ನು ತಿನ್ನಿಸಿ ದೋಚುತ್ತಿದ್ದ ಪ್ರಕರಣಗಳು ಬ್ರಿಟಿಷ್ ಆಡಳಿತದ ದಾಖಲೆಗಳಲ್ಲಿ ಬರುತ್ತವೆ. ‘ಮದ್ದು ಹಾಕುವುದು’ ಎಂಬ ನಂಬಿಕೆಯೆಲ್ಲವೂ ಕೇವಲ ಕಲ್ಪನೆಯಲ್ಲ, ಅದರ ಹಿಂದೆ ಎಲ್ಲೋ ಕೆಲವು ನಿಜವಾದ ವಿಷಪ್ರಯೋಗಗಳೂ ಇದ್ದಿರಬೇಕು ಎಂದು ಊಹಿಸಲು ಇಷ್ಟು ಸಾಕು.

ಸರ್ಪಗಂಧಿ ಮದಗುಣಿಕೆಗಿಂತ ತೀರ ಭಿನ್ನವಾದ ದಾರಿಯಲ್ಲಿ ಕೆಲಸ ಮಾಡುತ್ತದೆ. ಕನ್ನಡದಲ್ಲಿ ಸೂತ್ರನಾಭಿ, ಶಿವನಾಭಿ ಎಂಬ ಹೆಸರುಗಳೂ ಇದಕ್ಕಿವೆ. ಮೊಣಕಾಲೆತ್ತರದ ಪೊದೆ, ಬಿಳಿ ಹೂಗಳ ಗೊಂಚಲಿಗೆ ಕೆಂಪು ತೊಟ್ಟುಗಳು, ಮಾಗಿದಾಗ ಕಪ್ಪಾಗುವ ಕಾಯಿ, ಹಾವಿನಂತೆ ಬಳುಕಿ ಇಳಿಯುವ ಕಹಿಯಾದ ಬೇರು. ಪಶ್ಚಿಮಘಟ್ಟದ ತಪ್ಪಲಿನಲ್ಲಿ ಬೆಳೆಯುತ್ತದೆ. ಹಿಮಾಲಯದ ಬುಡದಿಂದ ಆಗ್ನೇಯ ಏಷ್ಯಾದವರೆಗೂ ಹರಡಿದೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ರೌವೋಲ್ಫಿಯ ಸರ್ಪೆಂಟಿನ. ಹದಿನಾರನೆಯ ಶತಮಾನದ ಜರ್ಮನ್ ವೈದ್ಯ ಲಿಯೋನ್‌ಹಾರ್ಡ್ ರೌವೋಲ್ಫನ ನೆನಪಿಗೆ ಪ್ಲೂಮಿಯೆ 1703ರಲ್ಲಿ ಈ ಸಸ್ಯಕುಲಕ್ಕೆ ಹೆಸರಿಟ್ಟನು. ಆ ರೌವೋಲ್ಫನು ಪಶ್ಚಿಮ ಏಷ್ಯಾವನ್ನು ಸುತ್ತಿದವನೇ ಹೊರತು ಭಾರತಕ್ಕೆ ಬಂದವನಲ್ಲ. ಪೀಳಿಗೆಗಳ ಕಾಲ ಈ ಬೇರನ್ನು ಅಗೆದು ತೇದು ಕುಡಿಸಿದವರ ಹೆಸರು ಮಾತ್ರ ಯಾವ ಪುಸ್ತಕದಲ್ಲಿಯೂ ಇಲ್ಲ.

ಈ ಗಿಡಕ್ಕೆ ಜನರು ಹೊರಿಸಿದ ಗುಣಗಳು ಎರಡು. ಒಂದು, ಹಾವಿನ ವಿಷವನ್ನು ಇಳಿಸುವುದು. ಎರಡು, ಹುಚ್ಚನ್ನು ಇಳಿಸುವುದು. ಮೊದಲನೆಯದು ಬಹಳ ಹಳೆಯದು. ಚರಕ ಸುಶ್ರುತರ ಸಂಹಿತೆಗಳಲ್ಲಿ ಸರ್ಪಗಂಧೆಯ ಹೆಸರು ವಿಷಚಿಕಿತ್ಸೆಯ ಸಂದರ್ಭದಲ್ಲಿ ಬರುತ್ತದೆ. ಹಾವಿನೊಡನೆ ಕಾದಾಡುವ ಮುಂಗುಸಿ ಒಂದು ಬೇರನ್ನು ಕಚ್ಚಿ ತಿಂದು ಬರುತ್ತದೆ ಎಂಬ ಕಥೆ ಭಾರತದಲ್ಲೆಲ್ಲ ಇದೆ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಪೋರ್ಚುಗೀಸ್ ವೈದ್ಯ ಗಾರ್ಸಿಯ ದ ಓರ್ತನ ಗ್ರಂಥದಲ್ಲಿಯೂ ಹಾವಿನ ವಿಷಕ್ಕೆ ಬಳಸುವ ಬೇರು ಮತ್ತು ಮುಂಗುಸಿಯ ಪ್ರಸ್ತಾಪವಿದೆ. ಎರಡನೆಯ ಗುಣ ಎದ್ದುಕಾಣುವುದು ಬಿಹಾರ ಮತ್ತು ಅದರ ಸುತ್ತಲಿನ ಜನಬಳಕೆಯಲ್ಲಿ. ಅಲ್ಲಿ ಈ ಬೇರು ‘ಪಾಗಲ್ ಕೀ ದವಾ’, ಅಂದರೆ ಹುಚ್ಚರ ಮದ್ದು ಎಂಬ ಹೆಸರಿನಲ್ಲಿಯೇ ಮಾರಾಟವಾಗುತ್ತಿತ್ತು. ಅಳುವ ಕೂಸುಗಳನ್ನು ಮಲಗಿಸಲು ಬಡ ತಾಯಂದಿರು ಇದನ್ನು ಬಳಸುತ್ತಿದ್ದರೆಂಬ ಉಲ್ಲೇಖಗಳೂ ಇವೆ. ಗ್ರಂಥಗಳು ಹಿಡಿದಿಟ್ಟದ್ದು ಹಾವಿನ ಕಥೆಯನ್ನು. ಸಂತೆಯ ಮಾತು ಹಿಡಿದಿಟ್ಟದ್ದು ಹುಚ್ಚಿನ ಸಂಗತಿಯನ್ನು. ಪ್ರಯೋಗಶಾಲೆಯಲ್ಲಿ ನಿಂತದ್ದು ಸಂತೆಯ ಮಾತು.

1931ನೆಯ ವರ್ಷ ಈ ದೃಷ್ಟಿಯಿಂದ ಮಹತ್ವದ್ದು. ಆ ವರ್ಷ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಸರ್ಪಗಂಧಿಯನ್ನು ಉನ್ಮಾದ ಮತ್ತು ರಕ್ತದ ಏರೊತ್ತಡಗಳಿಗೆ ಹೊಸ ಭಾರತೀಯ ಮದ್ದೆಂದು ವೈದ್ಯಪತ್ರಿಕೆಯಲ್ಲಿ ವರದಿ ಮಾಡಿದರು. ಅದೇ ವರ್ಷ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಮತ್ತು ರಫತ್ ಹುಸೇನ್ ಸಿದ್ದೀಕಿ ಅವರು ಬೇರಿನಿಂದ ಹಲವು ಆಲ್ಕಲಾಯ್ಡುಗಳನ್ನು ಬೇರ್ಪಡಿಸಿದರು. ಅವುಗಳಲ್ಲೊಂದಕ್ಕೆ ಹಕೀಮ್ ಅಜ್ಮಲ್ ಖಾನರ ಹೆಸರಿನಿಂದ ‘ಅಜ್ಮಲಿನ್’ ಎಂದು ಕರೆದರು. ಅಜ್ಮಲಿನ್ ಮನಸ್ಸಿಗೆ ಸಂಬಂಧಿಸಿದ್ದಲ್ಲ, ಹೃದಯದ ಲಯಕ್ಕೆ ಸಂಬಂಧಿಸಿದ್ದು. ಹೃದಯದ ಒಂದು ಆನುವಂಶಿಕ ದೋಷವನ್ನು ಪತ್ತೆಹಚ್ಚಲು ಇಂದಿಗೂ ಬಳಕೆಯಲ್ಲಿದೆ. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ಅವರು 50 ರೋಗಿಗಳಿಗೆ ಸರ್ಪಗಂಧಿಯನ್ನು ಕೊಟ್ಟು ರಕ್ತದೊತ್ತಡ ಇಳಿದುದನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಪಶ್ಚಿಮದ ಗಮನ ಇತ್ತ ಹರಿಯಿತು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಸೀಬಾ ಕಂಪನಿಯ ಮುಲ್ಲರ್, ಶ್ಲಿಟ್ಲರ್ ಮತ್ತು ಬೈನ್ ಅವರು ಬೇರಿನ ಶಾಮಕ ಗುಣಕ್ಕೆ ಮುಖ್ಯ ಕಾರಣವಾದ ಆಲ್ಕಲಾಯ್ಡನ್ನು ಶುದ್ಧರೂಪದಲ್ಲಿ ಪಡೆದರು. ಅದೇ ರಿಸರ್ಪಿನ್. 1954ರಲ್ಲಿ ನ್ಯೂಯಾರ್ಕಿನ ರಾಕ್‌ಲೆಂಡ್ ಆಸ್ಪತ್ರೆಯ ನೇಥನ್ ಕ್ಲೈನ್ ಅವರು ಮನೋರೋಗಿಗಳಲ್ಲಿ ಅದರ ಪರಿಣಾಮವನ್ನು ವರದಿ ಮಾಡಿದರು. ವಕೀಲ್ ಮತ್ತು ಕ್ಲೈನ್ ಇಬ್ಬರಿಗೂ 1957ರಲ್ಲಿ ಲಾಸ್ಕರ್ ಪ್ರಶಸ್ತಿ ಸಂದಿತು.

ರಿಸರ್ಪಿನ್ ಮಿದುಳಿನಲ್ಲಿ ಮಾಡುವುದೇನು? ಬಯಲುಸೀಮೆಯ ಹಗೇವನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಕಣದಲ್ಲಿ ರಾಶಿಯಾದ ಜೋಳವನ್ನು ಹಗೇವಿಗೆ ಇಳಿಸಿದರೆ ಅದು ಉಳಿಯುತ್ತದೆ. ಹೊರಗೆ ಬಿಟ್ಟರೆ ಇಲಿ ಹೆಗ್ಗಣಗಳ ಪಾಲು. ನರಕೋಶದಲ್ಲಿ ತಯಾರಾದ ಡೋಪಮಿನ್, ಸಿರೊಟೋನಿನ್, ನಾರ್‌ಅಡ್ರಿನಲಿನ್‌ಗಳನ್ನು ಸಂಚಿಯೊಳಕ್ಕೆ ಹೊತ್ತುಹಾಕುವ ಒಂದು ಪ್ರೊಟೀನು ಸಂಚಿಯ ಗೋಡೆಯಲ್ಲಿಯೇ ಇರುತ್ತದೆ. ರಿಸರ್ಪಿನ್ ಈ ಹಮಾಲನನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿಬಿಡುತ್ತದೆ. ಸಂಚಿಗೆ ಹೊಸ ಮಾಲು ಇಳಿಯುವುದಿಲ್ಲ, ಇದ್ದದ್ದು ಹೊರಕ್ಕೆ ಸೋರುತ್ತದೆ, ಸೋರಿದ್ದನ್ನು ಕೋಶದೊಳಗಿನ ಕಿಣ್ವ ಮುರಿದುಹಾಕುತ್ತದೆ. ಸುದ್ದಿ ಬಂದಾಗ ಸುರಿಯಲು ಏನೂ ಉಳಿದಿರುವುದಿಲ್ಲ. ಮದಗುಣಿಕೆ ಎದುರುಮನೆಯ ಬೀಗವನ್ನು ಕೆಡಿಸಿದರೆ, ಸರ್ಪಗಂಧಿ ಈ ಮನೆಯ ಕಣಜವನ್ನೇ ಬರಿದು ಮಾಡುತ್ತದೆ. ಕೆರಳಿದ ಮನಸ್ಸು ತಣಿಯುವುದು ಇದರಿಂದಲೇ. ರಕ್ತನಾಳಗಳನ್ನು ಬಿಗಿಯುವ ನರಗಳಲ್ಲಿಯೂ ನಾರ್‌ಅಡ್ರಿನಲಿನ್ ಬರಿದಾಗುವುದರಿಂದ ಒತ್ತಡವೂ ಇಳಿಯುತ್ತದೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಬ್ರೋಡಿ ಮತ್ತು ಅವರ ಸಂಗಡಿಗರು 1955ರಲ್ಲಿ ರಿಸರ್ಪಿನ್ ಕೊಟ್ಟ ಪ್ರಾಣಿಗಳ ಮಿದುಳಿನಲ್ಲಿ ಸಿರೊಟೋನಿನ್ ಖಾಲಿಯಾಗುವುದನ್ನು ತೋರಿಸಿದರು. ಮನಸ್ಸಿನ ಮೇಲೆ ಪರಿಣಾಮ ಮಾಡುವ ಮದ್ದೊಂದು ಮಿದುಳಿನ ನಿರ್ದಿಷ್ಟ ರಾಸಾಯನಿಕವನ್ನು ಬದಲಿಸುತ್ತದೆ ಎಂಬುದಕ್ಕೆ ದೊರೆತ ಮೊದಲ ಗಟ್ಟಿ ಆಧಾರಗಳಲ್ಲಿ ಇದೂ ಒಂದು. ಅಲ್ಲಿ ಕೆಲಕಾಲ ಕೆಲಸ ಮಾಡಿ ಸ್ವೀಡನ್ನಿನ ಲುಂಡ್ ನಗರಕ್ಕೆ ಮರಳಿದ ಆರ್ವಿಡ್ ಕಾರ್ಲ್‌ಸನ್ ಅವರು 1957ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ರಿಸರ್ಪಿನ್ ಕೊಟ್ಟ ಮೊಲಗಳು ಕಿವಿ ಜೋಲುಬಿಟ್ಟು ಕದಲದೆ ಬಿದ್ದಿದ್ದವು. ಅವುಗಳಿಗೆ ಡೋಪ ಎಂಬ ವಸ್ತುವನ್ನು ಚುಚ್ಚಿದಾಗ ಸ್ವಲ್ಪ ಹೊತ್ತಿನಲ್ಲಿಯೇ ಎದ್ದು ಓಡಾಡತೊಡಗಿದವು. ಡೋಪ ಎಂಬುದು ಡೋಪಮಿನ್ ತಯಾರಾಗಲು ಬೇಕಾದ ಕಚ್ಚಾವಸ್ತು. ಸಿರೊಟೋನಿನ್ನಿನ ಕಚ್ಚಾವಸ್ತುವನ್ನು ಕೊಟ್ಟರೆ ಮೊಲಗಳು ಹೀಗೆ ಏಳಲಿಲ್ಲ. ಅದುವರೆಗೆ ನಾರ್‌ಅಡ್ರಿನಲಿನ್ ತಯಾರಾಗುವ ಹಾದಿಯ ನಡುಮೆಟ್ಟಿಲು ಎಂದಷ್ಟೇ ಎಣಿಸಲಾಗಿದ್ದ ಡೋಪಮಿನ್ ತಾನೇ ಒಂದು ನರವಾಹಕವೆಂಬುದು ಇದರಿಂದ ಗೊತ್ತಾಯಿತು. ಕಾರ್ಲ್‌ಸನ್ ಅವರಿಗೆ 2000ದಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಜಾನಪದ ವಿದ್ವಾಂಸರ ಕುತೂಹಲ ಕೆರಳಬೇಕಾದದ್ದು ಇಲ್ಲಿ. ಮೊಲಗಳನ್ನು ಮಲಗಿಸಿದ ವಸ್ತು ಸರ್ಪಗಂಧಿಯ ಬೇರಿನದು. ಎಬ್ಬಿಸಿದ ವಸ್ತು ನಮ್ಮ ಬೇಲಿಗಳ ಮೇಲೆ ಹಬ್ಬುವ ನಸುಗುನ್ನಿಯ ಬೀಜದಲ್ಲಿ ಹೇರಳವಾಗಿದೆ. ಲುಂಡ್‌ನಲ್ಲಿ ಬಳಸಿದ್ದು ನಸುಗುನ್ನಿಯಿಂದ ತೆಗೆದದ್ದೇನೂ ಅಲ್ಲ. ಆದರೆ ಆ ಬೀಜದಲ್ಲಿ ಡೋಪ ಇರುವುದನ್ನು ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ರಸಾಯನಶಾಸ್ತ್ರಜ್ಞರು 1937ರಷ್ಟು ಹಿಂದೆಯೇ ಪ್ರಕಟಿಸಿದ್ದರು. ಅದಕ್ಕೂ ಮೊದಲು, 1913ರಲ್ಲಿ, ಯುರೋಪಿನ ಒಂದು ಬಗೆಯ ಅವರೆಯಿಂದ ಗುಗ್ಗನ್‌ಹೈಮ್ ಅದನ್ನು ಬೇರ್ಪಡಿಸಿದ್ದರು. ಅದರಿಂದ ಏನು ಪ್ರಯೋಜನ ಎಂಬುದು ಆಗ ಯಾರಿಗೂ ಹೊಳೆದಿರಲಿಲ್ಲ.

ನಸುಗುನ್ನಿ ಎಂದೊಡನೆ ಹಳ್ಳಿಯವರಿಗೆ ನೆನಪಾಗುವುದು ತುರಿಕೆ. ಕಾಯಿಯ ಮೇಲಿನ ಹೊಂಬಣ್ಣದ ರೋಮ ಮೈಗೆ ತಾಗಿದರೆ ತಡೆಯಲಾಗದ ನವೆ. ಆ ರೋಮದಲ್ಲಿರುವ, ಪ್ರೊಟೀನನ್ನು ಸೀಳುವ ಕಿಣ್ವವೊಂದು ಅದಕ್ಕೆ ಕಾರಣ. ಸಂಸ್ಕೃತದ ‘ಕಪಿಕಚ್ಛು’, ‘ಆತ್ಮಗುಪ್ತಾ’ ಎಂಬ ಹೆಸರುಗಳೂ ಈ ಗುಣವನ್ನೇ ಸೂಚಿಸುತ್ತವೆ. ವೈದ್ಯರು ಬೀಜವನ್ನು ಹಾಲಿನಲ್ಲಿ ಬೇಯಿಸಿ ಸಿಪ್ಪೆ ತೆಗೆದು ಧಾತುಪುಷ್ಟಿಗೆ ಕೊಡುವುದು ಪ್ರಸಿದ್ಧ. ಬೀಜದ ತೂಕದಲ್ಲಿ ಪ್ರತಿಶತ ನಾಲ್ಕೈದರಷ್ಟು ಡೋಪ ಇರಬಹುದು, ತಳಿ ಮತ್ತು ನೆಲದ ಮೇಲೆ ಇದು ಹೆಚ್ಚುಕಡಿಮೆಯಾಗುತ್ತದೆ. ನಡುಮಿದುಳಿನಲ್ಲಿ ಡೋಪಮಿನ್ ತಯಾರಿಸುವ ಕೋಶಗಳು ಸಾಯುತ್ತ ಹೋದಾಗ ಕೈ ನಡುಗುತ್ತದೆ, ಮೈ ಸೆಟೆಯುತ್ತದೆ, ನಡಿಗೆ ಕುಂಟುತ್ತದೆ. ಪಾರ್ಕಿನ್‌ಸನ್ ರೋಗವೆಂದು ಕರೆಯುವ ಈ ಸ್ಥಿತಿಗೆ 1961ರಲ್ಲಿ ವಿಯೆನ್ನಾದ ಬಿರ್ಕ್‌ಮಾಯರ್ ಮತ್ತು ಹಾರ್ನಿಕೀವಿಚ್ ಅವರು ಡೋಪವನ್ನು ಚುಚ್ಚುಮದ್ದಾಗಿ ಕೊಟ್ಟರು. 1967ರಲ್ಲಿ ಕೊಟ್ಜಿಯಾಸ್ ಅವರು ಅದನ್ನು ಬಾಯಿಯ ಮೂಲಕ ದೊಡ್ಡ ಪ್ರಮಾಣದಲ್ಲಿ ಕೊಟ್ಟು ಯಶಸ್ವಿಯಾದರು. ಇಂದಿಗೂ ಈ ರೋಗಕ್ಕೆ ಇದೇ ಪ್ರಧಾನ ಮದ್ದು.

ನೇರವಾಗಿ ಡೋಪಮಿನ್ನನ್ನೇ ಏಕೆ ಕೊಡಬಾರದು ಎಂಬ ಪ್ರಶ್ನೆಗೆ ಮೇಲೆ ಹೇಳಿದ ಮಿದುಳಿನ ತಡೆಯಲ್ಲಿ ಉತ್ತರವಿದೆ. ಡೋಪಮಿನ್ ಆ ತಡೆಯನ್ನು ದಾಟದು. ಡೋಪ ದಾಟುತ್ತದೆ, ಏಕೆಂದರೆ ಅದೊಂದು ಅಮೈನೊ ಆಮ್ಲ, ಆಹಾರದ ಅಮೈನೊ ಆಮ್ಲಗಳನ್ನು ಒಳಕ್ಕೆ ಒಯ್ಯುವ ವಾಹಕವೇ ಇದನ್ನೂ ಹೊತ್ತೊಯ್ಯುತ್ತದೆ. ಒಳಗೆ ಹೋದಮೇಲೆ ಕಿಣ್ವವೊಂದು ಅದನ್ನು ಡೋಪಮಿನ್ ಆಗಿ ಮಾರ್ಪಡಿಸುತ್ತದೆ. ಪ್ರೊಟೀನು ಹೆಚ್ಚಿರುವ ಊಟದೊಡನೆ ಈ ಮದ್ದನ್ನು ತೆಗೆದುಕೊಂಡರೆ ಊಟದ ಅಮೈನೊ ಆಮ್ಲಗಳೂ ಮದ್ದೂ ಒಂದೇ ಗಾಡಿಗೆ ನುಗ್ಗಿ ಮದ್ದಿನ ಪರಿಣಾಮ ತಗ್ಗುತ್ತದೆ. ಆದ್ದರಿಂದ ಇಂದಿನ ವೈದ್ಯರೂ ಊಟಕ್ಕೂ ಗುಳಿಗೆಗೂ ನಡುವೆ ಅಂತರ ಇಡಲು ಹೇಳುತ್ತಾರೆ. ಪಥ್ಯವೆಂಬುದನ್ನು ಆಚಾರವೆಂದೋ ಮಡಿಯ ವಿಸ್ತರಣೆಯೆಂದೋ ವಿವರಿಸಿ ಮುಗಿಸುವ ಸಂಶೋಧಕರು ಇದನ್ನು ಗಮನಿಸಬೇಕು. ಎಲ್ಲ ಪಥ್ಯದ ಹಿಂದೆಯೂ ಇಂಥ ಕಾರಣವಿದೆ ಎಂದು ಇದರ ಅರ್ಥವಲ್ಲ. ಯಾವ ಪಥ್ಯ ಯಾವ ಮದ್ದಿಗೆ ಎಂಬುದನ್ನು ಬರೆದುಕೊಳ್ಳದೆ ಹೋದರೆ ಅಂಥ ಕಾರಣವನ್ನು ಹುಡುಕುವ ದಾರಿಯೇ ಮುಚ್ಚುತ್ತದೆ.

ಮತ್ತೆ ಸರ್ಪಗಂಧಿಗೆ ಬರೋಣ. ಕಾರ್ಯವಿಧಾನ ತಿಳಿದ ಬೆಳಕಿನಲ್ಲಿ ಜನರ ಎರಡು ನಂಬಿಕೆಗಳನ್ನು ಪರಿಶೀಲಿಸಿದರೆ, ಹುಚ್ಚಿಗೆ ಸಂಬಂಧಿಸಿದ್ದು ನಿಲ್ಲುತ್ತದೆ, ಹಾವಿಗೆ ಸಂಬಂಧಿಸಿದ್ದು ಬೀಳುತ್ತದೆ. ನಾಗರಹಾವಿನ ವಿಷ ಸ್ನಾಯುಗಳ ಮೇಲಿರುವ ಅಸಿಟೈಲ್‌ಕೋಲಿನ್ ಗ್ರಾಹಕಗಳನ್ನು ಹಿಡಿದು ಉಸಿರಾಟವನ್ನು ನಿಲ್ಲಿಸುತ್ತದೆ. ಮಂಡಲದ ಹಾವಿನ ವಿಷ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನು ಕೆಡಿಸುತ್ತದೆ. ಸಂಚಿಗಳನ್ನು ಬರಿದುಮಾಡುವ ರಿಸರ್ಪಿನ್‌ಗೆ ಇವೆರಡರಲ್ಲಿಯೂ ಕೆಲಸವಿಲ್ಲ. ಹಾಗಿದ್ದರೆ ಈ ನಂಬಿಕೆ ಇಷ್ಟು ದೀರ್ಘಕಾಲ ಹೇಗೆ ಉಳಿಯಿತು? ಬೇರಿನ ಆಕಾರ ಹಾವಿನಂತಿರುವುದು ಒಂದು ಕಾರಣ. ಕಚ್ಚುವ ಹಾವುಗಳಲ್ಲಿ ವಿಷವಿಲ್ಲದವು ಬಹಳ, ವಿಷದ ಹಾವೂ ಪ್ರತಿಸಲ ವಿಷವಿಳಿಸುವುದಿಲ್ಲ. ಬದುಕಿದವರ ಕಥೆ ಊರಲ್ಲಿ ಉಳಿಯುತ್ತದೆ, ಸತ್ತವರದು ಹಣೆಬರಹವೆಂದು ಮುಗಿಯುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿಯೇ ಮಂಗರಾಜನು ವಿಷವೈದ್ಯಕ್ಕಾಗಿ ‘ಖಗೇಂದ್ರಮಣಿದರ್ಪಣ’ವೆಂಬ ಇಡೀ ಗ್ರಂಥವನ್ನು ಬರೆದ ಕನ್ನಡದಲ್ಲಿ ಈ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳುವುದು ಅಗತ್ಯ. ಹಾವು ಕಚ್ಚಿದವನಿಗೆ ಬೇಕಾದದ್ದು ಪ್ರತಿವಿಷದ ಚುಚ್ಚುಮದ್ದು. ಬೇರು ತೇಯುತ್ತ ಕಳೆದ ಹೊತ್ತು ಪ್ರಾಣಕ್ಕೆ ಎರವಾಗುತ್ತದೆ. ಸಂಗ್ರಹಗ್ರಂಥಗಳಲ್ಲಿ ‘ಹಾವಿನ ವಿಷಕ್ಕೆ ಸರ್ಪಗಂಧಿ’ ಎಂದು ಟಿಪ್ಪಣಿಯಿಲ್ಲದೆ ಅಚ್ಚುಮಾಡುವುದು ಸಂಶೋಧನೆಯ ದೃಷ್ಟಿಯಿಂದಲೂ ಹೊಣೆಗಾರಿಕೆಯ ದೃಷ್ಟಿಯಿಂದಲೂ ಸರಿಯಲ್ಲ.

ಹುಚ್ಚಿನ ಮದ್ದು ಎಂಬ ಮಾತಿಗೂ ಒಂದು ಮಿತಿ ಹಾಕಬೇಕಾಗುತ್ತದೆ. ‘ಹುಚ್ಚು’ ಎಂಬ ಒಂದೇ ಪದದೊಳಗೆ ಆರ್ಭಟಿಸುವವನೂ ಇದ್ದಾನೆ, ಮೂಲೆ ಹಿಡಿದು ಕುಳಿತವನೂ ಇದ್ದಾನೆ. ರಿಸರ್ಪಿನ್ ಮೊದಲನೆಯವನನ್ನು ತಣಿಸುತ್ತದೆ. ಎರಡನೆಯವನ ಸ್ಥಿತಿಯನ್ನು ಅದು ಇನ್ನಷ್ಟು ಕೆಡಿಸುತ್ತದೆ ಎಂಬ ಭೀತಿ 1950ರ ದಶಕದಿಂದಲೇ ಹುಟ್ಟಿಕೊಂಡಿತು. ರಕ್ತದೊತ್ತಡಕ್ಕಾಗಿ ಈ ಮದ್ದನ್ನು ತೆಗೆದುಕೊಂಡ ಕೆಲವರು ತೀವ್ರ ಖಿನ್ನತೆಗೆ ಜಾರಿದ ವರದಿಗಳು ಬಂದವು. ಖಿನ್ನತೆಯೆಂದರೆ ಈ ನರವಾಹಕಗಳ ಕೊರತೆ ಎಂಬ ಸಿದ್ಧಾಂತ 1960ರ ದಶಕದಲ್ಲಿ ರೂಪುಗೊಂಡಾಗ ರಿಸರ್ಪಿನ್ ಅದರ ಮುಖ್ಯ ಸಾಕ್ಷಿಯಾಯಿತು. ಸ್ವಾರಸ್ಯವೆಂದರೆ, 1955ರಲ್ಲಿಯೇ ಲಂಡನ್ನಿನ ಡೇವೀಸ್ ಮತ್ತು ಶೆಫರ್ಡ್ ಅವರು ಆತಂಕ ಮತ್ತು ಖಿನ್ನತೆಯುಳ್ಳ ರೋಗಿಗಳಿಗೆ ರಿಸರ್ಪಿನ್ ಕೊಟ್ಟು ಅವರಲ್ಲಿ ಸುಧಾರಣೆ ಕಂಡಿದ್ದರು. ಆ ವರದಿಗೆ ದೊರೆಯಬೇಕಾದ ಗಮನ ದೊರೆಯಲಿಲ್ಲ. ಇತ್ತೀಚಿನ ಮರುಪರಿಶೀಲನೆಗಳು ರಿಸರ್ಪಿನ್‌ನಿಂದ ಖಿನ್ನತೆ ಬರುತ್ತದೆ ಎಂಬುದಕ್ಕೆ ಆಧಾರ ಮಿಶ್ರವಾಗಿದೆ ಎನ್ನುತ್ತವೆ. ಐತಿಹ್ಯವನ್ನು ಅಧ್ಯಯನ ಮಾಡುವವರಿಗೆ ಇದು ಪರಿಚಿತವಾದ ಪ್ರಕ್ರಿಯೆ. ಕಥೆಯ ಚೌಕಟ್ಟಿಗೆ ಹೊಂದಿದ ಘಟನೆ ಉಳಿಯಿತು, ಹೊಂದದ್ದು ಮರೆಯಾಯಿತು. ಪ್ರಯೋಗಶಾಲೆಗೂ ಅದರದೇ ಆದ ಜಾನಪದವಿದೆ.

1952ರಿಂದ ಬಳಕೆಗೆ ಬಂದ ಕ್ಲೋರ್‌ಪ್ರೊಮಜಿನ್ ಎಂಬ ಗುಳಿಗೆ ಸಂಚಿಗಳನ್ನು ಮುಟ್ಟದೆ ಡೋಪಮಿನ್ ಗ್ರಾಹಕವನ್ನೇ ತಡೆಯುವಂಥದು. ಬೇಗ ಕೆಲಸ ಮಾಡುವ, ಹಿಡಿತಕ್ಕೆ ಸಿಗುವ ಅಂಥ ಮದ್ದುಗಳೆದುರು ರಿಸರ್ಪಿನ್ ಮನೋರೋಗ ಚಿಕಿತ್ಸೆಯಿಂದ ಹಿಂದೆ ಸರಿಯಿತು. ಆದರೆ ಅದು ತೋರಿಸಿದ ಬಾಗಿಲು ಮುಚ್ಚಲಿಲ್ಲ. ಅದೇ ಹಮಾಲ ಪ್ರೊಟೀನನ್ನು ತಡೆಯುವ ಟೆಟ್ರಾಬೆನಜಿನ್ ಮತ್ತು 2017ರಲ್ಲಿ ಅಮೆರಿಕದಲ್ಲಿ ಮಂಜೂರಾದ ಅದರ ಹತ್ತಿರದ ಎರಡು ಮದ್ದುಗಳು ತಡೆಯಿಲ್ಲದೆ ಕೈಕಾಲು, ನಾಲಗೆ ಅಲುಗುವ ರೋಗಗಳಿಗೆ ಬಳಕೆಯಲ್ಲಿವೆ.

ಜಾನಪದ ಸಂಗ್ರಹದ ವಿಧಾನಕ್ಕೆ ಇದರಿಂದ ಆಗಬೇಕಾದ ಪ್ರಯೋಜನವೊಂದಿದೆ. ರಿಸರ್ಪಿನ್ ಕೊಟ್ಟ ದಿನವೇ ಪೂರ್ಣ ಪರಿಣಾಮ ತೋರುವುದಿಲ್ಲ. ದಾಸ್ತಾನು ಬರಿದಾಗಲು ದಿನಗಳು ಬೇಕು. ನಿಲ್ಲಿಸಿದ ಮೇಲೂ ಕೋಶವು ಹೊಸ ಸಂಚಿಗಳನ್ನು ಕಟ್ಟಿಕೊಳ್ಳುವವರೆಗೆ ಪರಿಣಾಮ ಮುಂದುವರಿಯುತ್ತದೆ. ಆದ್ದರಿಂದ ವೈದ್ಯರೊಬ್ಬರು ‘ಬೇರು ಕೊಟ್ಟ ಗಳಿಗೆಯಲ್ಲೇ ಹುಚ್ಚು ಇಳಿಯಿತು’ ಎಂದರೆ ಅದು ಬೇರೆ ಗಿಡವಾಗಿರಬೇಕು, ಬೇರೆ ಕಾಯಿಲೆಯಾಗಿರಬೇಕು, ಇಲ್ಲವೇ ಹೇಳಿಕೆ ಉತ್ಪ್ರೇಕ್ಷೆಯಾಗಿರಬೇಕು. ‘ವಾರ ಕಳೆದ ಮೇಲೆ ತಣ್ಣಗಾದ, ಬಿಟ್ಟಮೇಲೂ ಹದಿನೈದು ದಿನ ಮಂಕಾಗಿದ್ದ, ಮೂಗು ಕಟ್ಟಿತ್ತು’ ಎಂದರೆ ಅದು ಬೆಲೆಯುಳ್ಳ ಸಾಕ್ಷ್ಯ. ಏಕೆಂದರೆ ಮೂಗು ಕಟ್ಟುವುದು ರಿಸರ್ಪಿನ್‌ನ ಸಾಮಾನ್ಯ ಅಡ್ಡಪರಿಣಾಮ. ಎಷ್ಟು ದಿನಕ್ಕೆ ಹಿಡಿಯಿತು, ಬಿಟ್ಟಮೇಲೆ ಎಷ್ಟು ದಿನ ಉಳಿಯಿತು, ಮೈಯಲ್ಲಿ ಬೇರೇನು ಆಯಿತು ಎಂಬ ಪ್ರಶ್ನೆಗಳು ಪ್ರಶ್ನಾವಳಿಗಳಲ್ಲಿ ಬರುವುದು ತೀರ ವಿರಳ.

ಗಿಡದ ಗುರುತಿನ ಪ್ರಶ್ನೆಯೂ ಇಷ್ಟೇ ಮುಖ್ಯ. ಸರ್ಪಗಂಧಿಯ ಕುಲಕ್ಕೇ ಸೇರಿದ, ಉಷ್ಣವಲಯದ ಅಮೆರಿಕದಿಂದ ಬಂದು ಇಲ್ಲಿ ನೆಲೆನಿಂತ ರೌವೋಲ್ಫಿಯ ಟೆಟ್ರಾಫಿಲ್ಲ ಎಂಬ ಪೊದೆ ಈಗ ರಸ್ತೆಬದಿ, ತೋಟದ ಅಂಚುಗಳಲ್ಲಿ ಸುಲಭವಾಗಿ ಸಿಗುತ್ತದೆ. ಸರ್ಪಗಂಧಿಯ ಹೆಸರಿನಲ್ಲಿ ಇದರ ಬೇರು ಮಾರುಕಟ್ಟೆಗೆ ಬರುವುದುಂಟು. ಇದರಲ್ಲಿಯೂ ರಿಸರ್ಪಿನ್ ಇದೆ. ಆದರೆ ಆಲ್ಕಲಾಯ್ಡುಗಳ ಪ್ರಮಾಣ, ಸಂಯೋಜನೆ ಒಂದೇ ಅಲ್ಲ. ಒಣಬೇರಿನಲ್ಲಿ ಒಟ್ಟು ಆಲ್ಕಲಾಯ್ಡು ಪ್ರತಿಶತ ಒಂದೂವರೆಯಿಂದ ಮೂರರಷ್ಟಿದ್ದರೆ ಅದರಲ್ಲಿ ರಿಸರ್ಪಿನ್ ಒಂದು ಸಣ್ಣ ಪಾಲು ಮಾತ್ರ. ರಕ್ತದೊತ್ತಡಕ್ಕೆ ದೀರ್ಘಕಾಲ ಕೊಡುವ ಶುದ್ಧ ಮದ್ದಿನ ದಿನದ ಪ್ರಮಾಣವಾದರೋ ಸಾಮಾನ್ಯವಾಗಿ ಮಿಲಿಗ್ರಾಮಿನ ಕಾಲುಭಾಗಕ್ಕೆ ಮೀರದಂಥದು. ಬೇರಿನ ಪುಡಿಯನ್ನು ಚಮಚದಲ್ಲಿ ಅಳೆದುಕೊಳ್ಳುವುದು ಎಷ್ಟು ಅಪಾಯಕರವೆಂಬುದು ಇದರಿಂದ ತಿಳಿಯುತ್ತದೆ. ಗಿಡದ ಒಣಮಾದರಿಯನ್ನು ಸಸ್ಯಸಂಗ್ರಹಾಲಯದಲ್ಲಿ ಇರಿಸದೆ ಹೆಸರನ್ನಷ್ಟೇ ಬರೆದುಕೊಂಡ ದಾಖಲೆಯಿಂದ ವೈದ್ಯರು ಬಳಸಿದ್ದು ಇವೆರಡರಲ್ಲಿ ಯಾವುದನ್ನು ಎಂದು ಹೇಳಲಾಗದು.

ನಿಜವಾದ ಸರ್ಪಗಂಧಿ ಸಿಗುವುದು ಕಷ್ಟವಾದದ್ದು ರಿಸರ್ಪಿನ್‌ನ ಕೀರ್ತಿಯಿಂದಲೇ. ಬೇರಿಗಾಗಿ ಗಿಡವನ್ನೇ ಕೀಳಬೇಕು. ಬೇರು ಬಲಿಯಲು ಎರಡು ಮೂರು ವರ್ಷ ಬೇಕು. 1950ರ ದಶಕದ ಬೇಡಿಕೆಯಲ್ಲಿ ಕಾಡಿನ ಗಿಡಗಳು ಬರಿದಾಗತೊಡಗಿದವು. 1990ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಒಪ್ಪಂದದ ಎರಡನೆಯ ಅನುಬಂಧಕ್ಕೆ ಇದನ್ನು ಸೇರಿಸಲಾಯಿತು. ಬೇರನ್ನು ತೋರಿಸಿಕೊಟ್ಟ ಸಮುದಾಯಗಳಿಗೆ ರಿಸರ್ಪಿನ್‌ನ ಲಾಭದಲ್ಲಿ ಪಾಲು ಸಿಗುವ ವ್ಯವಸ್ಥೆ ಆಗ ಇರಲಿಲ್ಲ. 2002ರ ಜೀವವೈವಿಧ್ಯ ಕಾಯಿದೆ ಅಂಥ ಪಾಲಿನ ತತ್ವವನ್ನು ಒಪ್ಪಿಕೊಂಡಿತು. 2023ರ ತಿದ್ದುಪಡಿ ಗ್ರಂಥಸ್ಥವಾದ ಪಾರಂಪರಿಕ ಜ್ಞಾನದ ಬಳಕೆಗೆ ವಿನಾಯಿತಿ ನೀಡಿತು. ಹೀಗಾಗಿ ಒಂದು ತಿಳಿವಳಿಕೆ ಗ್ರಂಥದ್ದೋ ಬಾಯಿಮಾತಿನದ್ದೋ ಎಂಬುದು ಈಗ ಬರಿಯ ಪಾಂಡಿತ್ಯದ ಪ್ರಶ್ನೆಯಾಗಿ ಉಳಿದಿಲ್ಲ, ಹಕ್ಕಿನ ಪ್ರಶ್ನೆಯಾಗಿದೆ. ಸರ್ಪಗಂಧಿಯ ವಿಷಯದಲ್ಲಿ ವಿಷಹರವೆಂಬ ಗುಣ ಗ್ರಂಥದ್ದು, ಉನ್ಮಾದಹರವೆಂಬ ಗುಣ ಹೆಚ್ಚಾಗಿ ಬಾಯಿಮಾತಿನದು. ಇಂಥ ಗೆರೆಯನ್ನು ಪ್ರತಿಯೊಂದು ಗಿಡದ ವಿಷಯದಲ್ಲಿಯೂ ಎಳೆಯಬಲ್ಲವರು ಊರೂರು ಸುತ್ತಿ ಯಾರು, ಎಲ್ಲಿ, ಯಾವ ವರ್ಷ, ಯಾವ ಗಿಡದ ಯಾವ ಭಾಗವನ್ನು ಯಾರಿಗೆ ಕೊಟ್ಟರು ಎಂದು ಬರೆದಿಡುವ ಜಾನಪದ ಸಂಗ್ರಾಹಕರು. ಗ್ರಾಮಪಂಚಾಯತಿಗಳ ಮಟ್ಟದಲ್ಲಿ ಸಿದ್ಧವಾಗುವ ಜನತಾ ಜೀವವೈವಿಧ್ಯ ದಾಖಲಾತಿಗಳಲ್ಲಿ ಮದ್ದಿನ ಕಾಲಮ್ಮು ಒಂದಿದ್ದೇ ಇರುತ್ತದೆ. ಅದರಲ್ಲಿ ಗಿಡದ ಹೆಸರಿನ ಪಕ್ಕ ಪರಿಣಾಮದ ಅವಧಿಯನ್ನೂ ಹೇಳಿದವರ ಒಪ್ಪಿಗೆಯೊಡನೆ ಅವರ ಹೆಸರನ್ನೂ ಸೇರಿಸಲು ಹೊಸ ಕಾನೂನು ಬೇಕಾಗಿಲ್ಲ.